ಕೇಳದೆ ಬಂದ ಉಡುಗೊರೆ

(ಹೆಬಳೆಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಉಡುಗೊರೆ ಕೊಡುವುದರ ಶ್ರೇಷ್ಠತೆಯನ್ನು ನಾವು ಹಲವು ಸಲ ಕೇಳಿದ್ದೇವೆ. ಸ್ವೀಕರಿಸುವ ರೀತಿಯ ಬಗ್ಗೆ ಮಾತಾಡುವುದು ಕಡಿಮೆ. ಪ್ರವಾದಿ ಮುಹಮ್ಮದ್(ಸ)ರು ಅದನ್ನೂ ಕಲಿಸಿದ್ದಾರೆ.

ಹಝ್ರತ್ ಉಮರ್(ರ)ರಿಗೆ ಪ್ರವಾದಿ(ಸ)ರು ಏನಾದರೂ ಕೊಟ್ಟಾಗ, ನನಗಿಂತ ಬಡವರಿಗೆ ಕೊಡಿ ಎಂದು ಅವರು ಹೇಳುತ್ತಿದ್ದರು. ಆಸೆಪಡದೆ, ಬೇಡದೆ ಬಂದದ್ದನ್ನು ತೆಗೆದುಕೊಳ್ಳಬೇಕು, ಬಾರದ್ದರ ಹಿಂದೆ ಮನಸ್ಸು ಓಡಬಾರದು ಎಂದು ಪ್ರವಾದಿ(ಸ)ರು ತಿಳಿಸಿದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ಪ್ರೀತಿಯಿಂದ ಬಂದದ್ದನ್ನು ಹಿಂದೆ ತಳ್ಳುವುದು ವಿನಯವಲ್ಲ.

ನನಗೊಬ್ಬ ಹಿರಿಯ ಸ್ನೇಹಿತರಿದ್ದಾರೆ, ಎಪ್ಪತ್ತು ದಾಟಿದವರು. ಮಳೆಗಾಲದಲ್ಲಿ ಫಜ್ರ್ ಹೊತ್ತಿಗೆ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಮೊಬೈಲ್ ಬೆಳಕಿನಲ್ಲಿ ನಾನು ಕುರ್‌ಆನ್ ಅನ್ನು ದೂರ ಹಿಡಿದು ಓದುವುದನ್ನು ಅವರು ನೋಡಿದ್ದರು. ಆಗ ಏನೂ ಹೇಳಲಿಲ್ಲ. ಒಂದು ದಿನ ಚಾರ್ಜ್ ಮಾಡುವ ಪುಟ್ಟ ದೀಪವೊಂದನ್ನು ಕೈಗಿಟ್ಟು, "ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ" ಎಂದು ಹೊರಟರು. ದೀಪದ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಆದರೆ ನನ್ನ ಮನೆಯವರಿಗಿಂತ ಮೊದಲು ನನ್ನ ಕಣ್ಣಿನ ತೊಂದರೆಯನ್ನು ಅವರು ಗಮನಿಸಿದ್ದರು.

ಇಂತಹ ಉಡುಗೊರೆಗೆ ಪ್ರತಿಯಾಗಿ ಏನು ಕೊಡಬೇಕು? ಪ್ರವಾದಿ(ಸ)ರು ಉಡುಗೊರೆ ಸ್ವೀಕರಿಸುತ್ತಿದ್ದರು, ತಾವೂ ಕೊಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಉಪಕಾರ ಮಾಡಿದವರಿಗೆ 'ಜಝಾಕಲ್ಲಾಹು ಖೈರನ್' ಎಂದು ಹಾರೈಸಿದರೆ ಕೃತಜ್ಞತೆ ಪೂರ್ಣವಾಗಿ ಸಲ್ಲಿಸಿದಂತೆ ಎಂದು ತಿರ್ಮಿದಿಯಲ್ಲಿದೆ. ಝಾಹಿರ್(ರ) ಎಂಬ ಮರುಭೂಮಿಯ ಸಹಾಬಿ ಮದೀನಕ್ಕೆ ಬರುವಾಗ ತಮ್ಮ ಕಡೆಯ ವಸ್ತುಗಳನ್ನು ತರುತ್ತಿದ್ದರು. ಹೊರಡುವಾಗ ಪ್ರವಾದಿ(ಸ)ರು ಅವರಿಗೆ ಬೇಕಾದ್ದನ್ನು ಕೊಟ್ಟು ಕಳುಹಿಸುತ್ತಿದ್ದರು. ಅಷ್ಟೇ ಅಲ್ಲ, ಪೇಟೆಯಲ್ಲಿ ಸರಕು ಮಾರುತ್ತಿದ್ದ ಅವರನ್ನು ಒಮ್ಮೆ ಹಿಂದಿನಿಂದ ಬಂದು ತಬ್ಬಿಕೊಂಡರು. ಅಲ್ಲಾಹನ ಬಳಿ ಅವರ ಬೆಲೆ ದೊಡ್ಡದೆಂದು ಹೇಳಿದರು. ವಸ್ತುವಿಗೆ ವಸ್ತು ಕೊಟ್ಟು ಲೆಕ್ಕ ಮುಗಿಸಲಿಲ್ಲ.

ನಮ್ಮ ಭಟ್ಕಳದ ಕಡೆ ಉಡುಗೊರೆಗೆ ಬರವಿಲ್ಲ. ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಅತ್ತರು, ಖರ್ಜೂರ. ಹೋಗುವ ಪೆಟ್ಟಿಗೆಯಲ್ಲಿ ಹಲ್ವಾ. ಆದರೆ ಪೆಟ್ಟಿಗೆಯ ತೂಕದಿಂದ ಪ್ರೀತಿಯನ್ನು ಅಳೆಯುವ ಚಾಳಿಯೂ ಬಂದಿದೆ. ಬಡ ಹಿರಿಯರು ಒಂದು ಮೊಳ ಮಲ್ಲಿಗೆಯನ್ನೋ ಹಿತ್ತಲಿನ ಹಲಸನ್ನೋ ಕಳುಹಿಸಿದರೆ, "ಇದೆಲ್ಲ ಯಾಕೆ ಬೇಕಿತ್ತು" ಎನ್ನುತ್ತೇವೆ. ನೆರೆಮನೆಯಿಂದ ಬಂದದ್ದು ಆಡಿನ ಗೊರಸೇ ಆದರೂ ಕೀಳಾಗಿ ಕಾಣಬಾರದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಸಹೋದರರೇ, ಮಕ್ಕಳು ದುಬೈಯಲ್ಲಿ, ರಿಯಾದ್‌ನಲ್ಲಿ. ಇಲ್ಲಿ ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರು. ಇಂತಹ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಆ ಹಿರಿಯರು ನಮ್ಮನ್ನು ಗಮನಿಸುತ್ತಾರೆ. ಅವರ ಕನ್ನಡಕ ಒಡೆದಿದೆಯೇ, ಮಾತ್ರೆ ಮುಗಿದಿದೆಯೇ, ಮಸೀದಿಯ ಮೆಟ್ಟಿಲು ಹತ್ತಲು ಕಷ್ಟವಾಗುತ್ತಿದೆಯೇ ಎಂದು ಗಮನಿಸುವವರು ಯಾರು? ಅವರ ಉಡುಗೊರೆಗೆ ನಾವು ಕೊಡಬಹುದಾದ ಉತ್ತಮ ಪ್ರತಿಫಲ ಈ ಗಮನವೇ. ಇಂದು ನಮಾಝ್ ಮುಗಿದ ಬಳಿಕ ಅಂತಹ ಒಂದು ಮನೆಯ ಬಾಗಿಲಿಗೆ ಹೋಗಿ ಸಲಾಂ ಹೇಳಿ. ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅವರು ಚಹಾ ಕೊಟ್ಟರೆ ಬೇಡವೆನ್ನಬೇಡಿ.

ಪಡೆದದ್ದಕ್ಕೆ ಕೃತಜ್ಞರಾಗುವ, ಕೊಟ್ಟವರನ್ನು ಮರೆಯದಿರುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.