ಹರಳಾಗಲು ಬಿಡದ ಲೋಹ

ತಿಕೋಟಾ, ಬಬಲೇಶ್ವರದ ಕಡೆಯವರು ವಿಜಯಪುರಕ್ಕೆ ಬಂದಾಗ ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪನ್ನು ನೋಡಿಯೇ ಇರುತ್ತೀರಿ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಕಂಚು ಅದು. ತೂಕ ಸುಮಾರು 55 ಟನ್. ಅಷ್ಟು ದೊಡ್ಡ ಎರಕ ಬೇಗ ಆರುವುದಿಲ್ಲ. ಆರುವಷ್ಟರಲ್ಲಿ ಪರಮಾಣುಗಳು ಸಾಲುಗಟ್ಟಿ ನಿಂತು ಹರಳಾಗಿಬಿಡುತ್ತವೆ. ಮನುಷ್ಯ ಸಾವಿರಾರು ವರ್ಷ ಹೊಯ್ದ ಎರಕವೆಲ್ಲ ಹೀಗೆ ಹರಳುಗಟ್ಟಿದ್ದೇ.

1960ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪೋಲ್ ಡುವೆಜ್ ಮತ್ತು ಸಂಗಡಿಗರು ಚಿನ್ನ-ಸಿಲಿಕಾನ್ ಮಿಶ್ರಲೋಹದ ಕರಗಿದ ಹನಿಯನ್ನು ತಣ್ಣನೆಯ ತಾಮ್ರಕ್ಕೆ ರಪ್ಪನೆ ಬಡಿದರು. ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ಲೆಕ್ಕದಲ್ಲಿ ಆರಿತು. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಎಲ್ಲರೂ ಇದ್ದಲ್ಲೇ ಕಲ್ಲಾದಂತೆ, ಪರಮಾಣುಗಳು ಅಡ್ಡಾದಿಡ್ಡಿಯಾಗಿಯೇ ನಿಂತವು. ಇದೇ ಲೋಹದ ಗಾಜು. ನೋಡಲು ಮಾತ್ರ ಥಳಥಳಿಸುವ ಲೋಹವೇ, ಆಚೆಯದು ಕಾಣುವುದಿಲ್ಲ.

ಮೆಗ್ನೀಸಿಯಂ ಸರದಿ ಬಂದದ್ದು ಆಮೇಲೆ. 1977ರಲ್ಲಿ ಮೆಗ್ನೀಸಿಯಂ-ಸತುವಿನ ತೆಳು ಪಟ್ಟಿ ಮಾಡಿದರು. ನೀರು ಕುದಿಯುವ ಬಿಸಿಯ ಆಸುಪಾಸಿನಲ್ಲೇ ಅದು ಹರಳಾಗುವಂಥದ್ದು. 1991ರಲ್ಲಿ ಜಪಾನಿನ ಅಕಿಹಿಸಾ ಇನೋವೆ ತಂಡ ಮೆಗ್ನೀಸಿಯಂಗೆ ತಾಮ್ರ, ಇಟ್ರಿಯಂ ಬೆರೆಸಿ, ಪಟ್ಟಿಯ ಬದಲು ಕೆಲವು ಮಿಲಿಮೀಟರ್ ದಪ್ಪದ ಕಡ್ಡಿಯನ್ನೇ ಎರಕ ಹೊಯ್ದಿತು. ಗಾತ್ರ ಬೇರೆ ಬೇರೆಯಿರುವ ಮೂರು ಬಗೆಯ ಪರಮಾಣುಗಳು ಒಂದಕ್ಕೊಂದು ತೊಡರಿ, ಸಾಲುಗೂಡಲು ತಡವಾಗುತ್ತದೆ. ಆರಿಸುವ ಅವಸರ ಕಡಿಮೆಯಾದರೂ ನಡೆಯುತ್ತದೆ.

ಈ ಕಡ್ಡಿಯನ್ನು ಮೆಲ್ಲಗೆ ಕಾಯಿಸೋಣ. ಸುಮಾರು 150 ಡಿಗ್ರಿಗೆ ಅದು ಮೆತ್ತಗಾಗುತ್ತದೆ, ಒತ್ತಿದಂತೆ ಆಕಾರ ತಾಳುತ್ತದೆ. 200 ದಾಟುತ್ತಿದ್ದಂತೆ ಕಾಯಿಸಿಕೊಳ್ಳುತ್ತಿದ್ದ ಲೋಹ ತಾನೇ ಬಿಸಿ ಹೊರಹಾಕುತ್ತದೆ. ಆ ಬಿಸಿ ಅಳೆಯುವ ಯಂತ್ರದ ಗೆರೆ ಚೂಪಾಗಿ ಮೇಲೇಳುತ್ತದೆ. ಎರಡು ಮೆಗ್ನೀಸಿಯಂಗೆ ಒಂದು ತಾಮ್ರ ಸೇರಿದ ಹರಳುಗಳು ಹುಟ್ಟುತ್ತಿರುವ ಗುರುತು ಅದು. ಆ ನಡುವಿನ ಐವತ್ತು-ಅರವತ್ತು ಡಿಗ್ರಿಯಲ್ಲೇ ಅಚ್ಚೊತ್ತುವ ಕೆಲಸ ಮುಗಿಯಬೇಕು.

ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ವೇಗವಾಗಿ ಆರಿಸಿದ ಲೋಹಗಳ ಹತ್ತನೆಯ ಅಂತರರಾಷ್ಟ್ರೀಯ ಸಮ್ಮೇಳನ 1999ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಇನ್ನು ಮೆಗ್ನೀಸಿಯಂ ಗಾಜಿನ ಬಳಕೆಗೆ ಬಂದರೆ, 2009ರಲ್ಲಿ ಜ್ಯೂರಿಕ್‌ನ ಸಂಶೋಧಕರು ಸತು ಹೆಚ್ಚಿಸಿದ ಮೆಗ್ನೀಸಿಯಂ-ಸತು-ಕ್ಯಾಲ್ಸಿಯಂ ಗಾಜು ಮಾಡಿದರು. ಮುರಿದ ಮೂಳೆ ಕೂಡಿದ ಮೇಲೆ ದೇಹದಲ್ಲೇ ಕರಗಿಹೋಗುವ ತಿರುಪು ಮಾಡಬೇಕೆಂಬ ಆಸೆ. ಮಾಮೂಲಿ ಮೆಗ್ನೀಸಿಯಂ ಕರಗುವಾಗ ಏಳುವ ಹೈಡ್ರೋಜನ್ ಗುಳ್ಳೆ ಇದರಲ್ಲಿ ತೀರಾ ಕಡಿಮೆ.

ತೊಡಕು ಎಲ್ಲಿದೆಯೆಂದರೆ, ಮೆಗ್ನೀಸಿಯಂ ಹೆಚ್ಚಿರುವ ಕೆಲವು ಗಾಜುಗಳು ಕೆಡಲು ಒಲೆಯೇ ಬೇಡ. ಹರಳು ಮೂಡದಿದ್ದರೂ, ಕೋಣೆಯಲ್ಲಿ ಇಟ್ಟಷ್ಟಕ್ಕೇ ಒಳಗಿನ ಜೋಡಣೆ ಬಿಗಿದುಕೊಂಡು ಪೆಡಸಾಗುತ್ತವೆ. ಮೊದಲು ಬಾಗುತ್ತಿದ್ದ ಪಟ್ಟಿ ಆಮೇಲೆ ಪಟ್ಟನೆ ಮುರಿಯುತ್ತದೆ.