ನಗುವ ಮುನ್ನ ಇಸವಿ ನೋಡಿ



ಇಂದು ನಾನು ಇತಿಹಾಸದ ಬಗ್ಗೆ ಎರಡು ಮಾತು ಹೇಳಬೇಕು. ಒಂದು ಕಾರ್ಟೂನ್ ಸಿನಿಮಾದಿಂದಲೇ ಪ್ರಾರಂಭಿಸುತ್ತೇನೆ. 'ಅಮೆರಿಕ: ದಿ ಮೋಷನ್ ಪಿಕ್ಚರ್' ಎಂಬ ಹಾಸ್ಯಚಿತ್ರ 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕಾರ್ಟೂನ್ ಎಂದಮಾತ್ರಕ್ಕೆ ಅದು ಮಕ್ಕಳದ್ದಲ್ಲ. ಬೈಗುಳ, ರಕ್ತಪಾತ ತುಂಬಿದ, ದೊಡ್ಡವರಿಗಾಗಿ ಮಾಡಿದ ಚಿತ್ರ. ಆದರೂ ಇಂಥವುಗಳ ತುಣುಕುಗಳು ಮೊಬೈಲ್ ಮೂಲಕ ನಮ್ಮ ಹಿರೀಸಾವೆಯ ಮಕ್ಕಳ ಕೈಗೂ ಬರುತ್ತವೆ.

ಅದರಲ್ಲಿ ಜಾರ್ಜ್ ವಾಷಿಂಗ್ಟನ್ ಮರ ಕೊಯ್ಯುವ ಯಂತ್ರ ಹಿಡಿದು ಯುದ್ಧ ಮಾಡುತ್ತಾನೆ. ಅಬ್ರಹಾಂ ಲಿಂಕನ್ ಅವನ ಪ್ರಾಣಸ್ನೇಹಿತ. ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ: "ಸರ್, ಅವರಿಬ್ಬರೂ ನಿಜವಾಗಿ ದೋಸ್ತಿಗಳಾ?" ಪಕ್ಕದ ಹುಡುಗರು ನಕ್ಕರು. ನಾನು ನಗಲಿಲ್ಲ. ಅವನು ಕೇಳಿದನಲ್ಲ, ಅದೇ ನನಗೆ ಸಂತೋಷ.

ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಲಿಂಕನ್ ಹುಟ್ಟಿದ್ದು 1809ರಲ್ಲಿ. ಇದು ಗೊತ್ತಿದ್ದವನಿಗೆ ಆ ಚಿತ್ರ ಹಾಸ್ಯ. ಗೊತ್ತಿಲ್ಲದವನಿಗೆ ಅದೇ ಇತಿಹಾಸ! ಆ ಚಿತ್ರ ಮಾಡಿದವರು ತಮ್ಮ ದೇಶದ ಹೆಮ್ಮೆಯನ್ನೇ ಗೇಲಿ ಮಾಡಿದ್ದಾರೆ. ಗೇಲಿ ಮಾಡಲಿಕ್ಕೂ ಪಾಠ ಓದಿರಬೇಕು.

ಈಗ ನಮ್ಮ ಕಡೆಗೆ ಬನ್ನಿ. 1799 ಎಂದ ಕೂಡಲೇ ನಿಮಗೆ ಇನ್ನೊಂದು ಹೆಸರು ನೆನಪಾಗಬೇಕು. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ನಿಂದ ಸೋತ ಕಾರ್ನ್‌ವಾಲಿಸನೇ 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಎಳೆಯ ಮಕ್ಕಳನ್ನೂ ಒತ್ತೆಯಾಗಿ ಪಡೆದವನು. ಅಮೆರಿಕದ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಯಾವ ಕಾರ್ಟೂನಿನವನೂ ಇದನ್ನು ಕಟ್ಟಿ ಹೇಳಿದ್ದಲ್ಲ. ನಡೆದದ್ದು.

ಇದನ್ನೇಕೆ ಹೇಳುತ್ತಿದ್ದೇನೆ? ಹೈದರ್, ಟಿಪ್ಪು ಬಗ್ಗೆಯೂ ನಗೆಯ ತುಣುಕುಗಳು ಬರುತ್ತವೆ. ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಇಬ್ಬರೂ ಮುಂದಕ್ಕೆ ಕಳಿಸುತ್ತಾರೆ. ಇಬ್ಬರೂ ಪುಸ್ತಕ ತೆರೆದಿರುವುದಿಲ್ಲ. ಹೊಗಳಿಕೆಯ ತುಣುಕು ಬಂದಾಗಲೂ ನಾವು ಮಾಡುವುದು ಇದನ್ನೇ. ನಮ್ಮ ತಪ್ಪನ್ನು ನಾವೇ ಮೊದಲು ಒಪ್ಪಿಕೊಳ್ಳೋಣ.

ವಿದ್ಯಾರ್ಥಿಗಳೇ, ನಗಬೇಡಿ ಎಂದು ನಾನು ಹೇಳುವುದಿಲ್ಲ. ನಗು ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ನಡೆದ ಇಸವಿ ಯಾವುದು? ಈ ನಗು ಯಾರನ್ನು ಚುಚ್ಚುತ್ತಿದೆ, ಬಲಶಾಲಿಯನ್ನೋ, ಮೊದಲೇ ನೊಂದವನನ್ನೋ? ಉತ್ತರ ಗೊತ್ತಿಲ್ಲದಿದ್ದರೆ ಲೈಬ್ರರಿಗೆ ಹೋಗಿ, ಇಲ್ಲವೇ ನಮ್ಮಂಥ ಮೇಷ್ಟ್ರನ್ನು ಹಿಡಿದು ಕೇಳಿ. ಆ ಹುಡುಗ ಕೇಳಿದ ಹಾಗೆ, ನಾಚಿಕೆಪಡದೆ ಕೇಳಿ.