ಉಮ್ಮತ್ತಿ ಹೂವಿನ ಚಿತ್ರಗಾರ್ತಿ

ದೇವನೂರಿನಂಥ ಹಳ್ಳಿಯ ಹೊಲದ ಬದುವಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಬೆಳೆಯುವ ಉಮ್ಮತ್ತಿ ಗಿಡ ಯಾರಿಗೆ ಗೊತ್ತಿಲ್ಲ? ಮುಳ್ಳುಕಾಯಿ, ವಿಷದ ಬೀಜ. ಶಿವಪೂಜೆ ಬಿಟ್ಟರೆ ಅದರ ಹೂವಿಗೆ ಬೇರೆಲ್ಲೂ ಮರ್ಯಾದೆಯಿಲ್ಲ. ಅದೇ ಕುಲದ ಬಿಳಿ ಹೂವಿನ ಒಂದು ಚಿತ್ರ 2014ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 4 ಕೋಟಿ 44 ಲಕ್ಷ ಡಾಲರಿಗೆ ಹೋಯಿತು. ಹೆಣ್ಣುಮಗಳೊಬ್ಬಳು ಬರೆದ ಚಿತ್ರಕ್ಕೆ ಹರಾಜಿನಲ್ಲಿ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ. ಬರೆದವರು ಅಮೆರಿಕದ ಜಾರ್ಜಿಯಾ ಓಕೀಫ್, 1932ರಲ್ಲಿ.

ಓಕೀಫ್ ಹುಟ್ಟಿದ್ದು 1887ರಲ್ಲಿ, ವಿಸ್ಕಾನ್ಸಿನ್ನಿನ ರೈತರ ಮನೆಯಲ್ಲಿ. ಶಿಕಾಗೋ, ನ್ಯೂಯಾರ್ಕುಗಳಲ್ಲಿ ಕಲಿತು ಡ್ರಾಯಿಂಗ್ ಟೀಚರಾದರು. 1915ರಲ್ಲಿ ದಕ್ಷಿಣ ಕೆರೊಲಿನಾದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾಗ, ತಾವು ಬರೆದದ್ದೆಲ್ಲ ಗುರುಗಳ ಮೆಚ್ಚುಗೆಗೆ ಬರೆದದ್ದು ಅನ್ನಿಸಿಬಿಟ್ಟಿತು. ಬಣ್ಣಗಳನ್ನು ಪಕ್ಕಕ್ಕಿಟ್ಟರು. ಪಾಠ ಮುಗಿದ ಮೇಲೆ ನೆಲಕ್ಕೆ ಕಾಗದ ಹಾಸಿಕೊಂಡು ಬರೀ ಇದ್ದಿಲಿನಲ್ಲಿ ಬರೆಯತೊಡಗಿದರು. ಆ ಚಿತ್ರಗಳನ್ನು ಸುರುಳಿ ಸುತ್ತಿ, ಯಾರಿಗೂ ತೋರಿಸಬೇಡವೆಂದು ಹೇಳಿ, ನ್ಯೂಯಾರ್ಕಿನ ಗೆಳತಿ ಅನಿತಾ ಪೊಲಿಟ್ಸರ್‌ಗೆ ಅಂಚೆಯಲ್ಲಿ ಕಳಿಸಿದರು.

ಪುಣ್ಯಾತ್ಗಿತ್ತಿ, ಆಕೆ ಆ ಮಾತು ಕೇಳಲಿಲ್ಲ! 1916ರ ಜನವರಿ 1ರಂದು ಸುರುಳಿ ಹಿಡಿದು ಹೆಸರಾಂತ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರ ಗ್ಯಾಲರಿಗೆ ಹೋದಳು. ಅವರೋ, ಬರೆದವರನ್ನು ಒಂದು ಮಾತೂ ಕೇಳದೆ ಚಿತ್ರಗಳನ್ನು ಗೋಡೆಗೆ ತೂಗುಹಾಕಿದರು. ಸುದ್ದಿ ತಿಳಿದ ಓಕೀಫ್ ನೇರ ಹೋಗಿ ಜಗಳಕ್ಕೇ ನಿಂತರು. ಚಿತ್ರಗಳು ಮಾತ್ರ ಕೆಳಗಿಳಿಯಲಿಲ್ಲ. ಜಗಳವಾಡಿದ ಆ ಇಬ್ಬರೇ, ಓಕೀಫ್ ಮತ್ತು ಸ್ಟೀಗ್ಲಿಟ್ಸ್, 1924ರಲ್ಲಿ ಮದುವೆಯಾದರು.

ಪುಟ್ಟ ಹೂವನ್ನು ಯಾರೂ ನಿಂತು ನೋಡುವುದಿಲ್ಲ, ಕ್ಯಾನ್ವಾಸ್ ತುಂಬ ಬರೆದರೆ ಅವಸರದ ನ್ಯೂಯಾರ್ಕಿನವರೂ ನಿಂತಾರು ಎಂಬುದು ಓಕೀಫ್ ಅವರ ಲೆಕ್ಕ. ಹರಾಜಾದ ಆ ಉಮ್ಮತ್ತಿಯ ಚಿತ್ರ ನಾಲ್ಕಡಿ ಎತ್ತರ. ಜನ ನಿಂತರು, ನಿಜ. ವಿಮರ್ಶಕರು ಮಾತ್ರ ಅವರ ಹೂಗಳಲ್ಲಿ ಹೂವನ್ನು ಬಿಟ್ಟು ಹೆಣ್ಣಿನ ಮೈಯನ್ನೇ ಹುಡುಕಿದರು. ಹಾಗಲ್ಲ ಎಂದು ಅವರು ಹೇಳುತ್ತಲೇ ಬಂದರು. ಕಿವಿಗೊಟ್ಟವರು ಕಡಿಮೆ. ಈಗಲೂ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

1929ರಿಂದ ಅವರನ್ನು ಸೆಳೆದದ್ದು ನ್ಯೂ ಮೆಕ್ಸಿಕೋದ ಒಣನೆಲ. ಸುಡುಬಿಸಿಲಿನಲ್ಲಿ ಫೋರ್ಡ್ ಕಾರಿನ ಮುಂದಿನ ಸೀಟು ತಿರುಗಿಸಿಕೊಂಡು, ಹಿಂದಿನ ಸೀಟಿಗೆ ಕ್ಯಾನ್ವಾಸ್ ಆನಿಸಿ, ಕೆಂಪು ಗುಡ್ಡಗಳನ್ನು ಬರೆದರು. ಮರಳುಗಾಡಿನಲ್ಲಿ ಸಿಕ್ಕ ದನದ ತಲೆಬುರುಡೆಗಳನ್ನು ಬರೆದರು. ಗಂಡ ತೀರಿಕೊಂಡ ಮೇಲೆ, 1949ರಲ್ಲಿ, ಅಲ್ಲೇ ನೆಲೆಸಿದರು. ಮುಪ್ಪಿನಲ್ಲಿ ಕಣ್ಣು ಮಂಜಾದಾಗ ಜೇಡಿಮಣ್ಣಿನಲ್ಲಿ ಮಡಕೆ ಮಾಡಲು ಕಲಿತರು. 1986ರಲ್ಲಿ ತೀರಿಕೊಂಡಾಗ ವಯಸ್ಸು 98.

ನ್ಯೂ ಮೆಕ್ಸಿಕೋದ ಸಾಂಟಾ ಫೇ ಊರಿನಲ್ಲಿ 1997ರಿಂದ ಅವರ ಹೆಸರಿನದೇ ಒಂದು ಮ್ಯೂಸಿಯಂ ಇದೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿದ್ದರೆ ಒಮ್ಮೆ ಅಲ್ಲಿಗೆ ಹೋಗಿಬರಲು ದಯವಿಟ್ಟು ಹೇಳಿ.